ಕೈಯಂದಾಜೂ ಅಳತೆಯೂ

ಪ್ರಾರಂಭಿಸುವುದು ಸುಲಭ, ನಡೆಯಿಸಿಕೊಂಡು ಹೋಗುವುದು ಕಷ್ಟ ಎಂಬ ಮಾತು ಲೋಕದ ಸಕಲ ಕಾರ್ಯಗಳಿಗೂ ಸಲ್ಲುವುದಾದರೂ, ಮನೆಯಲ್ಲಿ ಬರೆದಿಡುವ ಅಡಿಗೆಯ ಪುಸ್ತಕಕ್ಕೆ ಸಲ್ಲುವಷ್ಟು ಮತ್ತಾವುದಕ್ಕೂ ಸಲ್ಲದು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಓದುಬರಹ ಬಲ್ಲ ಅನೇಕ ಮನೆಗಳಲ್ಲಿ, ಅಟ್ಟದ ಮೇಲೋ ಹಳೆಯ ಪಂಚಾಂಗಗಳ ಕಟ್ಟಿನೊಳಗೋ, ಅಂಥ ಪುಸ್ತಕವೊಂದು ದೊರೆಯುವುದುಂಟು. ಮೊದಲ ಪುಟದ ನೆತ್ತಿಯಲ್ಲಿ ಶ್ರೀಕಾರ. ಅದರ ಕೆಳಗೆ ದುಂಡಾದ ಅಕ್ಷರಗಳಲ್ಲಿ ಹೋಳಿಗೆ, ಹಾಲ್ಬಾಯಿ, ಹಯಗ್ರೀವ. ಹತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಅಕ್ಷರವು ಓರೆಯಾಗಿರುವುದು. ಹದಿನೈದನೆಯ ಪುಟದಲ್ಲಿ ಹಾಲಿನ ಲೆಕ್ಕ. ಅಲ್ಲಿಂದ ಮುಂದೆ ಬರಿಯ ಬಿಳಿಯ ಕಾಗದ. ಆರಂಭಶೂರತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ನಿಂತುಹೋದ ಇತರ ಬರೆವಣಿಗೆಗಳಿಂದ ಆಗುವ ನಷ್ಟಕ್ಕೂ ಈ ಪುಸ್ತಕವು ನಿಂತುಹೋಗುವುದರಿಂದ ಆಗುವ ನಷ್ಟಕ್ಕೂ ಅಂತರವಿದೆ. ಪದ್ಯವನ್ನು ಅರ್ಧಕ್ಕೆ ಬಿಟ್ಟರೆ ಕವಿಯೊಬ್ಬನಿಗೆ ಹಾನಿ. ಅಡಿಗೆಯ ಬರೆವಣಿಗೆಯನ್ನು ಅರ್ಧಕ್ಕೆ ಬಿಟ್ಟರೆ, ಬರೆಯದೆ ಉಳಿದುದು ಒಂದು ದಿನ ಒಬ್ಬರ ಕೈಯೊಡನೆ ಚಿತೆಯೇರುವುದು. ಪಂಚಗಂಗಾವಳಿಯ ತೀರದ ಈ ಸೀಮೆಯಲ್ಲಿ ಋತುವಿಗೊಂದು ಅಡಿಗೆಯಿದೆ. ವೈಶಾಖದಲ್ಲಿ ಮಾವಿನ ಮಿಡಿಯು ಉಪ್ಪಿನ ಭರಣಿಯನ್ನು ಸೇರಬೇಕು. ಹಲಸಿನ ಸೊಳೆಯು ಮಳೆಗಾಲಕ್ಕೆಂದು ಉಪ್ಪುನೀರಿನಲ್ಲಿ ಮುಳುಗಬೇಕು. ಆಸಾಡಿಯ ಸೋನೆಯಲ್ಲಿ ಕೆಸುವಿನೆಲೆಯ ಪತ್ರೊಡೆಯಾಗಬೇಕು. ನಾಗರಪಂಚಮಿಗೆ ಅರಿಶಿನದ ಎಲೆಯ ಕಡುಬು ಬೇಯಬೇಕು. ಹೊಸ ತೆನೆ ಮನೆಗೆ ಬಂದಾಗ ಹೊಸ್ತಿನ ಊಟವಾಗಬೇಕು. ಇವುಗಳ ಹೆಸರು ಎಲ್ಲರಿಗೂ ತಿಳಿದಿದೆ. ಹದವು ಕೆಲವರಿಗೆ ಮಾತ್ರ ತಿಳಿದಿದೆ. ಆ ಕೆಲವರ ವಯಸ್ಸು ಎಪ್ಪತ್ತನ್ನು ದಾಟಿದೆ. ಅವರ ಮಕ್ಕಳು ಬೆಂಗಳೂರು ಮುಂಬಯಿಗಳಲ್ಲಿಯೂ ಸಮುದ್ರದ ಆಚೆಯಲ್ಲಿಯೂ ಇದ್ದಾರೆ.

ಇವುಗಳಲ್ಲಿಯೂ ಹಬ್ಬದ ಅಡಿಗೆಗೆ ಅಷ್ಟೊಂದು ಭಯವಿಲ್ಲವೆನ್ನಬಹುದು. ಕುಂದಾಪುರದ ಸಮೀಪದ ಹೂವಿನಕೆರೆಯಲ್ಲಿ ಜನಿಸಿದ ಶ್ರೀ ವಾದಿರಾಜರು ಹಯಗ್ರೀವದೇವರಿಗೆ ಸಮರ್ಪಿಸುತ್ತಿದ್ದರೆಂದು ಪ್ರಸಿದ್ಧವಾದ ಕಡಲೆಬೇಳೆ, ಬೆಲ್ಲ, ತೆಂಗಿನಕಾಯಿಗಳ ಮಡ್ಡಿಯು ಇಂದಿಗೂ ಉಳಿದಿರುವುದಕ್ಕೆ ಅದರ ಹಿಂದೆ ದೇವರೂ ಕಥೆಯೂ ನಿಂತಿರುವುದೇ ಕಾರಣ. ಕೊಲ್ಲೂರಿನಲ್ಲಿ ರಾತ್ರಿಯ ಪೂಜೆಯ ತರುವಾಯ ಹಂಚುವ ಕಷಾಯಕ್ಕೆ ಮೂಕಾಂಬಿಕೆಯ ರಕ್ಷಣೆಯಿದೆ. ದಿನದಿನದ ಸಾರಿಗೆ ಅಂಥ ರಕ್ಷಕರಿಲ್ಲ. ಗಂಜಿಯ ಜೊತೆಗೆ ಬೀಳುವ ಗೊಜ್ಜು, ಒಂದೆಲಗದ ತಂಬುಳಿ, ಹಾಗಲಕಾಯಿಯ ಮೆಣಸ್ಕಾಯಿ ಇವುಗಳನ್ನು ಯಾವ ದೇವರೂ ನೈವೇದ್ಯಕ್ಕೆಂದು ಕೇಳಲಿಲ್ಲ. ಯಾವ ಕವಿಯೂ ಕಥೆ ಕಟ್ಟಲಿಲ್ಲ. ಆದರೆ ದೂರದ ಊರಿನಲ್ಲಿ ಜ್ವರದಿಂದ ಮಲಗಿದ ಮಗನಿಗೆ ಸ್ಮರಣೆಗೆ ಬರುವುದು ಹೋಳಿಗೆಯಲ್ಲ, ಮನೆಯ ಸಾರು.

ಕೋಟದ ಕಡೆಯ ಗೃಹಿಣಿಯೊಬ್ಬಳ ಪುಸ್ತಕವೂ ಮೇಲೆ ಹೇಳಿದ ರೀತಿಯಲ್ಲಿಯೇ ಹದಿನೇಳನೆಯ ಪುಟದಲ್ಲಿ ನಿಂತಿತ್ತು. ಆಕೆಯು ಸೊಸೆಯಾಗಿ ಬಂದ ಹೊಸತರಲ್ಲಿ ಉತ್ಸಾಹದಿಂದ ಅದನ್ನು ತೊಡಗಿದ್ದಳು. ಅತ್ತೆಯವರು ಊರಿನಲ್ಲಿ ಕೈಗುಣಕ್ಕೆ ಹೆಸರಾದವರು. ಒರಳುಕಲ್ಲಿನ ಬಳಿ ಅವರು ಕುಳಿತರೆಂದರೆ ಬೀದಿಯಲ್ಲಿ ಹೋಗುವವರಿಗೆ ಅಂದಿನ ಅಡಿಗೆ ತಿಳಿಯುತ್ತಿತ್ತು. ಸೊಸೆಯು ಕಾಗದ ಹಿಡಿದು, “ಅತ್ತೆ, ಕೊತ್ತಂಬರಿ ಎಷ್ಟು? ಹುಳಿ ಎಷ್ಟು?” ಎಂದು ಕೇಳಿದಾಗ ಅವರು ನಕ್ಕು, “ಅದ್ಕೆಲ್ಲ ಲೆಕ್ಕ ಎಂತಕ್ ಮಗಾ? ಕೈಯಂದಾಜ್ ಸಾಕ್” ಎನ್ನುತ್ತಿದ್ದರು. ಆದುದರಿಂದ ಪುಸ್ತಕದಲ್ಲಿ ‘ಒಂದು ಹಿಡಿ’, ‘ಸ್ವಲ್ಪ’, ‘ಬೇಕಾದಷ್ಟು’, ‘ಹದ ನೋಡಿ’ ಎಂಬ ಶಬ್ದಗಳೇ ತುಂಬಿದುವು. ಬರೆದವಳಿಗೇ ಅದನ್ನು ಓದಿ ಪ್ರಯೋಜನವಿಲ್ಲವೆಂದು ತೋರಿತು. ಅಲ್ಲದೆ, ಓದುವವರಾದರೂ ಯಾರು? ನೆರೆಮನೆಯವರಿಗೆ ಇವೆಲ್ಲ ಗೊತ್ತು. ಹೊರಗಿನವರಿಗೆ ಇವು ಬೇಡ. ಹೋಳಿಗೆಯನ್ನಾದರೂ ಬರೆಯಬಹುದು; ಸಾರನ್ನು ಬರೆಯುವುದು ಉಸಿರಾಡುವುದನ್ನು ಬರೆದಂತೆ ಎಂದು ಆಕೆಗೆ ನಾಚಿಕೆಯೂ ಆಯಿತು. ಪುಸ್ತಕವು ಅಟ್ಟವನ್ನು ಸೇರಿ ಅಲ್ಲಿಯೇ ಇಪ್ಪತ್ತೆಂಟು ವರ್ಷ ಕಳೆಯಿತು.

ಮುಂದೊಂದು ದಿನ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮಗನು ದೂರವಾಣಿಯಲ್ಲಿ ಸಾರಿನ ಕ್ರಮವನ್ನು ಕೇಳಿದನು. ತಾಯಿಯು ಪುಸ್ತಕವನ್ನು ಇಳಿಸಿ, ಧೂಳು ಕೊಡಹಿ, “ಕೊತ್ತಂಬರಿ ಒಂದು ಹಿಡಿ” ಎಂದು ಓದಿದಳು. “ಅಮ್ಮಾ, ಯಾರ್ ಹಿಡಿ?” ಎಂದು ಅವನು ಕೇಳಿದನು. ಅವನು ಕೇಳಿದುದು ಪರಿಹಾಸ್ಯಕ್ಕಲ್ಲ. ಅವನ ಹಿಡಿ ದೊಡ್ಡದು, ತಾಯಿಯದು ಚಿಕ್ಕದು, ಅಜ್ಜಿಯದು ವಾತದಿಂದ ಬಾಗಿದ್ದು. ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದುದು ಜಗಲಿಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಎಪ್ಪತ್ತೆಂಟು ವರ್ಷದ ಮುದುಕಿಯ ಕೈಯಲ್ಲಿ. ಆ ಕೈಯಾದರೋ ಆಗಲೇ ನಡುಗತೊಡಗಿತ್ತು.

ಪುನಃ ತೊಡಗಬೇಕೆಂಬ ಸಂಕಲ್ಪವು ಹುಟ್ಟಿತು. ಆದರೆ ಒಮ್ಮೆ ನಿಂತ ಕಾರ್ಯಕ್ಕೆ ಸಂಕಲ್ಪಮಾತ್ರದಿಂದ ಕಾಲು ಬರುವುದಿಲ್ಲ; ಮುಂದೆ ನಡೆಯುವವನೊಬ್ಬನು ಕಣ್ಣಿಗೆ ಕಾಣಿಸಬೇಕು. ಆಕೆಗೆ ಮೊದಲು ಕಾಣಿಸಿದವನು ನಳಮಹಾರಾಜನು. ಬಾಲ್ಯದಲ್ಲಿ ಮಂದಾರ್ತಿಯ ಮೇಳದವರ ಆಟದಲ್ಲಿ ನಳದಮಯಂತಿಯ ಪ್ರಸಂಗವನ್ನು ಬೆಳಗಿನ ಜಾವದವರೆಗೆ ನಿದ್ದೆಗೆಟ್ಟು ನೋಡಿದವಳು ಆಕೆ. ರಾಜ್ಯವನ್ನು ಕಳೆದುಕೊಂಡು, ರೂಪವನ್ನೂ ಕಳೆದುಕೊಂಡು, ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಆಶ್ರಯದಲ್ಲಿದ್ದ ನಳನನ್ನು ದಮಯಂತಿಯು ಗುರುತಿಸಿದ ಬಗೆಯು ಮಹಾಭಾರತದ ವನಪರ್ವದಲ್ಲಿ ವರ್ಣಿತವಾಗಿದೆ. ಆತನು ನೋಡಿದ ಮಾತ್ರಕ್ಕೆ ಬರಿಯ ಕುಂಭಗಳು ನೀರಿನಿಂದ ತುಂಬುವುದನ್ನೂ, ಹಿಡಿದ ಹುಲ್ಲು ತಾನಾಗಿ ಹೊತ್ತಿಕೊಳ್ಳುವುದನ್ನೂ ದಾಸಿಯಾದ ಕೇಶಿನಿಯು ಕಂಡು ಬಂದು ಹೇಳಿದಳು. ದಮಯಂತಿಗೆ ಇಷ್ಟರಿಂದಲೇ ನಿಶ್ಚಯವಾಗಲಿಲ್ಲ. ಅವನು ಬೇಯಿಸಿದ ಪಾಕವನ್ನು ತರಿಸಿ ಬಾಯಲ್ಲಿಟ್ಟಳು. ಅದು ನಳನ ಕೈಯದೇ ಎಂದು ಆ ಕ್ಷಣದಲ್ಲಿ ಅರಿತಳು. ಮುಖವು ಮರೆಸಿದುದನ್ನು ರುಚಿಯು ತಿಳಿಸಿತು.

ಆ ಕಥೆಯಲ್ಲಿ ಇನ್ನೊಂದು ವಿಷಯವನ್ನು ವಾಚಕರು ಗಮನಿಸಬೇಕು. ಸ್ವಯಂವರದ ಕಾಲದಲ್ಲಿ ನಾಲ್ವರು ದೇವತೆಗಳು ನಳನಿಗೆ ವರಗಳನ್ನು ಕೊಟ್ಟರಷ್ಟೆ. ಅಗ್ನಿಯು ಬೆಂಕಿಯನ್ನೂ ವರುಣನು ನೀರನ್ನೂ ಅವನ ಅಧೀನದಲ್ಲಿರಿಸಿದರು. ಅನ್ನದ ರುಚಿಯನ್ನು ಕೊಟ್ಟವನು ಇವರಿಬ್ಬರೂ ಅಲ್ಲ, ಯಮನು. ಯಮನು ಅದರೊಡನೆ ಎರಡನೆಯ ವರವಾಗಿ ಧರ್ಮದಲ್ಲಿ ಅಚಲವಾದ ನಿಲುವನ್ನು ಕೊಟ್ಟನು. ರುಚಿಯೂ ನಿಷ್ಠೆಯೂ ಒಂದೇ ಕೈಯಿಂದ ಬಂದುವೆಂಬುದು ಈ ಕಥೆಯ ಅಭಿಪ್ರಾಯವಾಗಿರಬೇಕು. ನಿತ್ಯವೂ ತಪ್ಪದೆ ಒಲೆಯ ಮುಂದೆ ನಿಲ್ಲದವನಿಗೆ ಪಾಕವು ಒಲಿಯುವುದುಂಟೆ?

ಆದರೂ ಪುಸ್ತಕ ಬರೆಯುವವಳಿಗೆ ನಳನಿಂದ ದೊರೆತುದು ಧೈರ್ಯ ಮಾತ್ರ, ದಾರಿ ದೊರೆಯಲಿಲ್ಲ. ವಿರಾಟನ ಪಾಕಶಾಲೆಯಲ್ಲಿ ವಲಲನಾಗಿದ್ದ ಭೀಮಸೇನನಿಂದಲೂ ಅಷ್ಟೆ. ನಳಪಾಕ, ಭೀಮಪಾಕ ಎಂಬ ಮಾತುಗಳು ನಾಲಗೆಯ ಮೇಲೆ ಉಳಿದುವು. ಆ ಪಾಕಗಳು ಉಳಿಯಲಿಲ್ಲ. ನಳನ ಹೆಸರಿನಲ್ಲಿ ‘ಪಾಕದರ್ಪಣ’ವೆಂಬ ಸಂಸ್ಕೃತ ಗ್ರಂಥವೊಂದು ಇದೆ, ಹಿಂದಿನವರಿಗೂ ಈ ಕೊರತೆಯು ತೋರಿದ್ದಿತೆಂಬುದಕ್ಕೆ ಅದೇ ಸಾಕ್ಷಿ. ಕನ್ನಡನಾಡಿನ ಪ್ರಾಚೀನರು ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. 1025ರ ಸುಮಾರಿನಲ್ಲಿ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಕೃಷಿ ವೈದ್ಯಾದಿಗಳ ಜೊತೆಗೆ ಸೂಪಶಾಸ್ತ್ರಕ್ಕೂ ಸ್ಥಳವಿತ್ತನು. ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವನ್ನು ಸವಿಸ್ತಾರವಾಗಿ ವರ್ಣಿಸಿದನು. ಹದಿನಾರನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕಷಟ್ಪದಿಯಲ್ಲಿ ರಚಿಸಿದನು. ಒಮ್ಮೆ ಕುಂದಾಪುರ ಬಸರೂರುಗಳನ್ನೂ ಆಳುತ್ತಿದ್ದ ಕೆಳದಿಯ ಅರಸರಲ್ಲಿ ಬಸವರಾಜನು 1709ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕಶಾಲೆಯ ವಿಚಾರವಿದೆ. ಷಟ್ಪದಿಯಲ್ಲಿ ಬದನೆಕಾಯಿಯನ್ನು ಬೇಯಿಸಲು ಅರಸನೊಬ್ಬನಿಗೆ ನಾಚಿಕೆಯಿರಲಿಲ್ಲವೆಂದ ಮೇಲೆ, ಗದ್ಯದಲ್ಲಿ ಸಾರನ್ನು ಬರೆಯಲು ಗೃಹಿಣಿಗೆ ನಾಚಿಕೆಯೇಕೆ? ಆಕೆಯ ಒಂದು ಸಂಕೋಚವು ಹೀಗೆ ನಿವಾರಣೆಯಾಯಿತು. ಅಳತೆಯ ಪ್ರಶ್ನೆಯು ಮಾತ್ರ ಉಳಿಯಿತು.

ಅದಕ್ಕೆ ಉತ್ತರವು ದೊರೆತುದು ಪುರಾಣದಲ್ಲಿಯೂ ಅಲ್ಲ, ಕಾವ್ಯದಲ್ಲಿಯೂ ಅಲ್ಲ. ಸಾಲಿಗ್ರಾಮದ ಮಗ್ಗುಲಲ್ಲಿರುವ ಪಾರಂಪಳ್ಳಿಯಲ್ಲಿ. ಆ ಊರಿನ ಮಯ್ಯ ಸಹೋದರರು ಬೆಂಗಳೂರಿಗೆ ಹೋಗಿ, ಮೊದಲು ದೊಡ್ಡವರ ಮನೆಗಳಲ್ಲಿ ಅಡಿಗೆಯವರಾಗಿದ್ದು, 1924ರಲ್ಲಿ ಒಂದು ಚಿಕ್ಕ ಉಪಾಹಾರಗೃಹವನ್ನು ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಆ ಸಹೋದರರಲ್ಲಿ ಯಜ್ಞನಾರಾಯಣ ಮಯ್ಯರ ಚರಿತ್ರೆಯು ಈ ಗೃಹಿಣಿಯ ಮನಸ್ಸನ್ನು ಹಿಡಿಯಿತು. ಅವರು ಅಡಿಗೆಮನೆಯಿಂದ ಬಂದವರು. ಕೈಗುಣವೆಂಬುದು ಅವರಿಗೆ ಹುಟ್ಟಿನಿಂದ ಬಂದ ಆಸ್ತಿ. ಅಷ್ಟರಿಂದಲೇ ತೃಪ್ತರಾಗಿದ್ದರೆ ಆ ಕಾಲದ ನೂರಾರು ಒಳ್ಳೆಯ ಅಡಿಗೆಭಟ್ಟರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. ಅವರಾದರೋ ನಡುವಯಸ್ಸಿನಲ್ಲಿ, 1951ರಲ್ಲಿ, ಯೂರೋಪಿಗೆ ಪ್ರಯಾಣ ಮಾಡಿ ಅಲ್ಲಿಯ ಭೋಜನಗೃಹಗಳು ಹೇಗೆ ನಡೆಯುತ್ತವೆಂಬುದನ್ನು ಕಣ್ಣಾರೆ ಕಂಡು ಬಂದರು. ಹಿಂದಿರುಗಿದವರು ಅಲ್ಲಿಯ ತಿಂಡಿಗಳನ್ನು ತರಲಿಲ್ಲ. ಅಲ್ಲಿಯ ಶುಚಿತ್ವವನ್ನೂ ಕ್ರಮವನ್ನೂ ತಂದರು. ಪಾತ್ರೆಗಳನ್ನು ಬಿಸಿಯ ಹಬೆಯಿಂದ ಶುದ್ಧಿಗೊಳಿಸುವ ಪದ್ಧತಿಯು ಅಲ್ಲಿ ಬಂದಿತು. ಊಟಕ್ಕೆ ಬಂದವರು ಬೇಕಾದರೆ ಪಾಕಶಾಲೆಯನ್ನು ನೋಡಬಹುದಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿಯು ಬರುವುದು ನಿಂತು ಎಲ್ಲೆಲ್ಲಿಯೂ ಅಭಾವವುಂಟಾದಾಗ, ರವೆಯಿಂದ ಇಡ್ಲಿಯನ್ನು ಮಾಡುವ ಕ್ರಮವು ತಮ್ಮಲ್ಲಿಯೇ ಹುಟ್ಟಿತೆಂದು ಆ ಸಂಸ್ಥೆಯವರು ಹೇಳುತ್ತಾರೆ. ಇಡ್ಲಿಯ ಹಿಟ್ಟು ಏಕೆ ಉಬ್ಬುತ್ತದೆ, ಏಕೆ ಮೃದುವಾಗುತ್ತದೆ ಎಂಬುದನ್ನು ಅರಿಯದವನಿಗೆ ಅಕ್ಕಿಯಿಲ್ಲದ ಇಡ್ಲಿಯು ಹೊಳೆಯುವುದಿಲ್ಲ. ‘ಎಷ್ಟು’ ಎಂಬುದನ್ನು ಬಲ್ಲವನು ನಿನ್ನೆಯ ಅಡಿಗೆಯನ್ನು ಇಂದು ಮಾಡಿಯಾನು. ‘ಏಕೆ’ ಎಂಬುದನ್ನು ಬಲ್ಲವನು ಸಾಮಗ್ರಿಯಿಲ್ಲದ ದಿನವೂ ಅಡಿಗೆಯನ್ನು ನಿಲ್ಲಿಸನು. ಮುಂದೆ ಅದೇ ಮನೆತನದವರು ಹಿಟ್ಟುಗಳನ್ನೂ ಸಾರು ಸಾಂಬಾರುಗಳ ಪುಡಿಗಳನ್ನೂ ಅಳತೆಗೊಳಿಸಿ ಪೊಟ್ಟಣಗಳಲ್ಲಿ ಮಾರತೊಡಗಿದರು. ಆ ಪೊಟ್ಟಣಗಳ ಉದ್ಯಮವು 2007ರಲ್ಲಿ ನಾರ್ವೆ ದೇಶದ ಸಂಸ್ಥೆಗೆ ಮಾರಾಟವಾಯಿತು. ಭೋಜನಗೃಹವು ಮಾತ್ರ ಮನೆತನದಲ್ಲಿಯೇ ಉಳಿಯಿತು. ಬೇರೊಬ್ಬರ ಕೈಗೆ ಹೋದರೂ ಪುಡಿಯು ಪುಡಿಯಾಗಿಯೇ ಉಳಿದುದು ಅಳತೆಯ ಮಹಿಮೆ. ಪಾರಂಪಳ್ಳಿಯ ಅಡಿಗೆಯವರ ಕೈಗುಣವು ತೂಕಕ್ಕೆ ಒಳಗಾಗಿ ಸಮುದ್ರವನ್ನು ದಾಟಿತು. ಅದರ ನೆರೆಯ ಊರಿನ ಅತ್ತೆಯೊಬ್ಬರ ಕೈಗುಣವು ಜಗಲಿಯಿಂದ ಬೆಂಗಳೂರಿನವರೆಗೂ ಹೋಗಲಾರದೆ ನಿಂತಿತ್ತು.

ಈ ಹೋಲಿಕೆಯು ಮನಸ್ಸಿಗೆ ನಾಟಿದ ಮೇಲೆ ಗೃಹಿಣಿಯು ಬರೆಯುವ ಕ್ರಮವನ್ನೇ ಬದಲಾಯಿಸಿದಳು. ಅತ್ತೆಯವರನ್ನು ಪ್ರಶ್ನಿಸುವುದನ್ನು ಬಿಟ್ಟಳು. ಅವರು ಸಂಬಾರವನ್ನು ಬಾಣಲೆಗೆ ಹಾಕಲು ಕೈಯೆತ್ತಿದಾಗ, ಕೆಳಗೆ ಒಂದು ಬಟ್ಟಲನ್ನು ಹಿಡಿದು ಅದನ್ನು ಬಟ್ಟಲಿಗೆ ಬೀಳಿಸಿಕೊಂಡು, ಕುಡ್ತೆಯಿಂದ ಅಳೆದು ಬರೆದು, ಅನಂತರ ಬಾಣಲೆಗೆ ಸುರಿದಳು. ಅತ್ತೆಯವರು ಮೊದಲು ರೇಗಿದರು. ಮೂರನೆಯ ದಿನ ನಕ್ಕರು. ಒಂದು ವಾರದ ಮೇಲೆ ಬಟ್ಟಲು ಬರುವವರೆಗೆ ತಾವೇ ಕೈಯನ್ನು ತಡೆದು ಕಾಯತೊಡಗಿದರು. ಆಗ ಒಂದು ಆಶ್ಚರ್ಯವು ಹೊರಪಟ್ಟಿತು. ನಾಲ್ಕು ದಿನದ ನಾಲ್ಕು ಹಿಡಿಗಳು ನಾಲ್ಕು ಬೇರೆ ಅಳತೆಗಳಾಗಿದ್ದುವು. ಸಾರಿನ ರುಚಿಯು ಮಾತ್ರ ನಾಲ್ಕು ದಿನವೂ ಒಂದೇ. ಕಾರಣವನ್ನು ಕೇಳಿದಾಗ ಮುದುಕಿಯು ಸಾವಕಾಶವಾಗಿ ಹೇಳತೊಡಗಿದರು: ಇಂದು ಹುಳಿ ಹಳೆಯದು, ಆದುದರಿಂದ ಕಡಿಮೆ, ನಿನ್ನೆ ಮೆಣಸು ಹೊಸದು, ಖಾರ ಹೆಚ್ಚು, ಆದುದರಿಂದ ಬೆಲ್ಲ ಒಂದು ಅಡಕೆಯ ಗಾತ್ರ ಮುಂದೆ, ಕಾಯಿ ಎಳೆಯದಾದರೆ ಇನ್ನರ್ಧ ಹಿಡಿ. ಕೈಯಂದಾಜೆಂದು ಯಾವುದನ್ನು ಕರೆಯುತ್ತಿದ್ದರೋ ಅದು ಅಂದಾಜಾಗಿರಲಿಲ್ಲ. ಅರುವತ್ತು ವರ್ಷಗಳ ಅನುಭವವು ಕ್ಷಣಾರ್ಧದಲ್ಲಿ ಮಾಡುವ ಲೆಕ್ಕವಾಗಿತ್ತು. ಮಾಡುವವರಿಗೆ ಮಾತ್ರ ಅದು ಲೆಕ್ಕವೆಂಬುದರ ಅರಿವಿರಲಿಲ್ಲ.

ಅಂದಿನಿಂದ ಪುಸ್ತಕದ ಪುಟಗಳಲ್ಲಿ ಮೂರು ಸಾಲುಗಳು ನಿಂತುವು: ಏನು, ಎಷ್ಟು, ಇಂದು ಏಕೆ ಅಷ್ಟು. ಹಬ್ಬದ ಅಡಿಗೆಗಳಿಗೆ ಕಾಯದೆ ದಿನದ ಅಡಿಗೆಯು ದಿನವೂ ದಾಖಲಾಯಿತು. ಕಲ್ಲಿನಲ್ಲಿ ಅರೆದ ದಿನವನ್ನೂ ಯಂತ್ರದಲ್ಲಿ ಅರೆದ ದಿನವನ್ನೂ ಬೇರೆಬೇರೆಯಾಗಿ ಗುರುತಿಸಲಾಯಿತು. ಕೆಟ್ಟ ಅಡಿಗೆಯೂ ಬಿಟ್ಟುಹೋಗಲಿಲ್ಲ. ‘ಹಾಲ್ಬಾಯಿ ತಳ ಬಿಡಲಿಲ್ಲ, ನೀರು ಹೆಚ್ಚಾಯಿತು’ ಎಂಬಂಥ ಸಾಲುಗಳು ಆ ಪುಸ್ತಕದಲ್ಲಿ ಎಷ್ಟೋ ಇವೆ. ಬೇಸರದ ದಿನಗಳು ಬರಲಿಲ್ಲವೆಂದಲ್ಲ. ಮಳೆಗಾಲದ ಸಂಜೆಗಳಲ್ಲಿ ಪಾತ್ರೆ ತೊಳೆದು ಮುಗಿಸಿದ ಮೇಲೆ ಲೇಖನಿಯನ್ನು ಹಿಡಿಯುವುದು ಸುಲಭವಲ್ಲ. ಅಂಥ ದಿನ ಆಕೆಯು ನಡುವಯಸ್ಸಿನಲ್ಲಿ ಹಡಗಿನ ದೇಶಗಳನ್ನು ನೋಡಹೊರಟ ಪಾರಂಪಳ್ಳಿಯ ಅಡಿಗೆಯವರನ್ನು ನೆನೆಯುವಳು. ಪಾತ್ರೆ ತೊಳೆಯುವ ಕ್ರಮವನ್ನು ಕಲಿಯುವುದಕ್ಕಾಗಿ ಅವರು ಅಷ್ಟು ದೂರ ಹೋಗಬಹುದಾದರೆ, ತೊಳೆದ ಪಾತ್ರೆಯಲ್ಲಿ ಬೆಂದುದನ್ನು ಬರೆಯುವುದಕ್ಕೆ ಅಡಿಗೆಮನೆಯಿಂದ ಜಗಲಿಗೆ ಬರುವುದು ಎಷ್ಟು ದೂರ?

ಎರಡು ವರ್ಷಗಳ ತರುವಾಯ ಅತ್ತೆಯವರು ಹಾಸಿಗೆ ಹಿಡಿದರು. ಸೊಸೆಯು ಪುಸ್ತಕವನ್ನು ಮುಂದಿಟ್ಟುಕೊಂಡು, ಯಾರನ್ನೂ ಕೇಳದೆ ಸಾರನ್ನು ಮಾಡಿ, ಮೆತ್ತಗಾದ ಅನ್ನದೊಡನೆ ಕಲಸಿ ತುತ್ತಿಟ್ಟಳು. ಮುದುಕಿಯು ಬಹಳ ಹೊತ್ತು ಬಾಯಾಡಿಸಿ, “ಉಪ್ಪ್ ಒಂಚೂರ್ ಮುಂದ್” ಎಂದರು. ಮತ್ತೇನೂ ಹೇಳಲಿಲ್ಲ, ಎರಡನೆಯ ತುತ್ತಿಗೆ ಬಾಯಿ ತೆರೆದರು. ಸೊಸೆಯು ಅಂದಿನ ಪುಟದಲ್ಲಿ ‘ಉಪ್ಪು ಕಡಿಮೆ ಮಾಡತಕ್ಕದ್ದು’ ಎಂದು ಬರೆದಳು. ಆ ಕೈಯಿಂದ ಪುಸ್ತಕಕ್ಕೆ ಬಂದ ಕೊನೆಯ ತಿದ್ದುಪಡಿ ಅದು.

ಮೊದಲ ವರ್ಷದ ಶ್ರಾದ್ಧಕ್ಕೆ ಮಗನು ಊರಿಗೆ ಬಂದಿದ್ದನು. ಶ್ರಾದ್ಧದ ಅಡಿಗೆಗೆ ಅದರದೇ ಆದ ವಿಧಿಯಿದೆ. ಅದರಲ್ಲಿ ಒಣಮೆಣಸಿನ ಸಾರಿಗೆ ಸ್ಥಾನವಿಲ್ಲ. ಮಾರನೆಯ ದಿನ ನಂಟರಿಷ್ಟರೆಲ್ಲರೂ ಹೊರಟುಹೋದ ಬಳಿಕ ಮನೆಯಲ್ಲಿ ಸಾಮಾನ್ಯವಾದ ಅನ್ನ ಸಾರುಗಳ ಊಟವಾಯಿತು. ಮಗನು ಮೊದಲ ತುತ್ತನ್ನು ನುಂಗಿ ತಲೆಯೆತ್ತಿ, “ಇದ್ ಅಜ್ಜಿ ಸಾರ್ ಅಲ್ದಾ?” ಎಂದನು. ಕೇಶಿನಿಯು ತಂದುಕೊಟ್ಟ ಪಾಕವನ್ನು ಬಾಯಲ್ಲಿಟ್ಟ ದಮಯಂತಿಗೂ ಅವನಿಗೂ ಆದ ಅನುಭವವು ಒಂದೇ ಜಾತಿಯದು. ನಳನಾದರೋ ಬದುಕಿದ್ದನು, ಬಾಗಿಲಿನ ಆಚೆಯಲ್ಲಿಯೇ ಇದ್ದನು. ಇಲ್ಲಿ ಬೇಯಿಸಿದ ಕೈ ಬೇರೆ, ಗುರುತಿಸಲ್ಪಟ್ಟ ಕೈ ಬೇರೆ. ನಡುವೆ ಇದ್ದುದು ಎಣ್ಣೆಯ ಕಲೆಗಳುಳ್ಳ ಒಂದು ಪುಸ್ತಕ. ಅವನು ಹೊರಡುವಾಗ ಆ ಪುಸ್ತಕದ ಪ್ರತಿಯನ್ನು ಕೇಳಿ ಮಾಡಿಸಿಕೊಂಡು ಹೋದನು. ಓದುವವರು ಯಾರೆಂಬ ಹಳೆಯ ಪ್ರಶ್ನೆಗೆ ಹಾಗೆ ಉತ್ತರವು ದೊರೆಯಿತು. ಒಬ್ಬ ಓದುಗನು ಸಾಕು; ಆ ಒಬ್ಬನು ಇನ್ನೂ ಹುಟ್ಟದವನಾದರೂ ಸಾಕು.

ಪಾಕದಲ್ಲಿ ಆದರ್ಶಪುರುಷರನ್ನು ಅರಸುವವರಿಗೆ ಪುರಾಣದಲ್ಲಿಯೂ ಚರಿತ್ರೆಯಲ್ಲಿಯೂ ಕೊರತೆಯಿಲ್ಲ. ಆದರೆ ಅವರನ್ನು ಹೊಗಳುವುದರಿಂದ ಪುಸ್ತಕವು ಮುಂದುವರಿಯುವುದಿಲ್ಲ. ಅವರು ಯಾವುದರಲ್ಲಿ ತಪ್ಪದೆ ನಿಂತರೋ ಅದರಲ್ಲಿ ಒಂದಂಶವಾದರೂ ತಮ್ಮ ಮನೆಗೆ ಬಂದರೆ ಮುಂದುವರಿಯುವುದು. ಯಮನು ಕೊಟ್ಟ ಎರಡು ವರಗಳಲ್ಲಿ ರುಚಿಯನ್ನು ಆತನು ಒಂದು ದಿನ ಹಿಂದಕ್ಕೆ ಪಡೆಯುವನು, ಅದನ್ನು ತಡೆಯುವವರಿಲ್ಲ. ಎರಡನೆಯದಾದ ನಿಷ್ಠೆಯನ್ನು ಹಿಡಿದು ದಿನಕ್ಕೊಂದು ಪುಟದಂತೆ ಬರೆದಿಟ್ಟವರ ಮನೆಯಲ್ಲಿ ಮಾತ್ರ, ಆತನು ಕೈಯನ್ನು ಕೊಂಡೊಯ್ದರೂ ಹದವನ್ನು ಬಿಟ್ಟುಹೋಗಬೇಕಾಗುವುದು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಮನೆಗಳಲ್ಲಿ ಇನ್ನೂ ಎಷ್ಟೋ ಹಿರಿಯರು ಒಲೆಯ ಮುಂದೆ ಕೈಯೆತ್ತಿ ನಿಂತಿದ್ದಾರೆ. ಕೆಳಗೆ ಬಟ್ಟಲು ಹಿಡಿಯುವವರು ತಡಮಾಡಬಾರದು.